ದೋಣಿಗೆ ಚಂದಾ ಎತ್ತಿದ ನಾಡು

ಹೆಲ್ಸಿಂಕಿಯ ಮಾರುಕಟ್ಟೆ ಚೌಕದ ದಂಡೆಯಿಂದ ಹೊರಡುವ ದೋಣಿ ಕಾಲುಗಂಟೆಯಲ್ಲಿ ಪ್ರಯಾಣಿಕರನ್ನು ಸುವೊಮೆನ್‌ಲಿನ್ನ ಎಂಬ ಕಡಲಕೋಟೆಗೆ ತಲುಪಿಸುತ್ತದೆ. ಫಿನ್ಲೆಂಡ್ ದೇಶವು ಸ್ವೀಡನ್ನಿನ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, 1748ರಲ್ಲಿ ಕಟ್ಟಲು ಆರಂಭಿಸಿದ ಕೋಟೆ ಇದು. ನಾಲ್ಕಾರು ಪುಟ್ಟ ದ್ವೀಪಗಳ ಮೇಲೆ ಹರಡಿಕೊಂಡ ಕಲ್ಲಿನ ಗೋಡೆಗಳು, ಹುಲ್ಲು ಬೆಳೆದ ದಿಬ್ಬಗಳು, ಕಡಲಿನತ್ತ ಮುಖ ಮಾಡಿ ತುಕ್ಕು ಹಿಡಿದಿರುವ ಫಿರಂಗಿಗಳು. 1991ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 800 ಜನ ಈಗಲೂ ಕೋಟೆಯೊಳಗೇ ಸಂಸಾರ ಹೂಡಿದ್ದಾರೆ. ಅವರ ಮಕ್ಕಳಿಗೆ ಪಟ್ಟಣಕ್ಕೆ ಹೋಗಲು ದೋಣಿಯೇ ಬಸ್ಸು.

ಈ ಕೋಟೆಯ ಹೆಸರು ಒಂದು ಬಗೆಯ ಮೊಬೈಲ್ ಫೋನಿನ ಒಳಗೂ ಇದೆ ಎಂದರೆ ಯಾರಿಗಾದರೂ ಅಚ್ಚರಿಯಾದೀತು. ಫೋನನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ: ಆಂಡ್ರಾಯ್ಡ್ ಮತ್ತು ಐಫೋನಿನ ಐಒಎಸ್. ಆದರೆ ಫಿನ್ಲೆಂಡಿನಲ್ಲಿ ಮೂರನೆಯದೊಂದು ಇದೆ. ಅದರ ಹೆಸರು ಸೈಲ್‌ಫಿಶ್. ಅದರ ಆವೃತ್ತಿಗಳಿಗೆ ತಾಯ್ನೆಲದ ಊರು, ಕೆರೆ, ಕಾಡುಗಳ ಹೆಸರಿಡುವುದು ವಾಡಿಕೆ. ಮೊದಮೊದಲ ಆವೃತ್ತಿಗಳಿಗೆ ಸರೋವರಗಳ ಹೆಸರು, ಆಮೇಲೆ ನದಿಗಳದು, ಮೂರನೆಯ ಸರಣಿಗೆ ರಾಷ್ಟ್ರೀಯ ಉದ್ಯಾನಗಳದು. ನಾಲ್ಕನೆಯ ಸರಣಿಯಲ್ಲಿ ಬಂದ 4.3ಕ್ಕೆ ಈ ಸುವೊಮೆನ್‌ಲಿನ್ನದ ಹೆಸರು. ಹೀಗಾಗಿ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಫಿನ್ಲೆಂಡನ್ನು ಸುತ್ತಬಹುದು! ಹಾಗೆ ಸುತ್ತುವವರಿಗೆ ಊರುಗಳ ಜೊತೆಗೆ ಒಂದು ಕಥೆಯೂ ಕಾಣಸಿಗುತ್ತದೆ. ಜನ ತಮ್ಮ ಜೇಬಿನಿಂದ ಹಣ ಹಾಕಿ, ಇನ್ನೂ ತಯಾರಾಗದ ಒಂದು ಫೋನಿಗಾಗಿ ಕಾದ ಕಥೆ ಅದು.

ವಿದ್ಯಾರ್ಥಿಯ ಸಾಲದ ಗಣಕ

ದೋಣಿ ಇಳಿದು ಐದಾರು ನಿಮಿಷ ನಡೆದರೆ ಸೆನೆಟ್ ಚೌಕ. ಮೆಟ್ಟಿಲುಗಳ ಮೇಲೆ ಹಾಲುಬಿಳುಪಿನ ದೊಡ್ಡ ಇಗರ್ಜಿ. ಅದರ ಪಕ್ಕಕ್ಕೆ ಹೆಲ್ಸಿಂಕಿ ವಿಶ್ವವಿದ್ಯಾಲಯದ ಹಳೆಯ ಕಟ್ಟಡ. ಇದೇ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ 21ರ ಹುಡುಗ 1991ರ ಆಗಸ್ಟ್ 25ರಂದು ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ದೂರದೂರದ ಗಣಕಾಸಕ್ತರಿಗೆ ತಿಳಿಸಿದ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲಾರದು ಎಂಬ ವಿನಯವೂ ಅದರಲ್ಲಿತ್ತು. ಅದೇ ಮುಂದೆ ಲಿನಕ್ಸ್ ಎಂದು ಹೆಸರಾಯಿತು. ಇಂದು ಜಗತ್ತಿನ ಆಂಡ್ರಾಯ್ಡ್ ಫೋನುಗಳೆಲ್ಲದರ ತಿರುಳಿನಲ್ಲಿ ಇರುವುದು ಅದೇ ಲಿನಕ್ಸ್.

ಲೀನಸ್ ಆ ಗಣಕವನ್ನು ಕೊಂಡದ್ದು ಕಂತಿನ ಮೇಲೆ. ಕ್ರಿಸ್‌ಮಸ್ಸಿಗೆ ಬಂದ ಹಣ, ವಿದ್ಯಾರ್ಥಿ ಸಾಲದ ಹಣ ಎರಡನ್ನೂ ಕೂಡಿಸಿ ಮುಂಗಡ ಕಟ್ಟಿ, ಉಳಿದದ್ದನ್ನು ತಿಂಗಳು ತಿಂಗಳು ತೀರಿಸುವ ಏರ್ಪಾಡು. ಲಿನಕ್ಸನ್ನು ಬಳಸತೊಡಗಿದ ಜನ, ಅವನನ್ನು ಕಣ್ಣಾರೆ ಕಾಣದವರು, ತಮ್ಮತಮ್ಮಲ್ಲಿ ಚಂದಾ ಎತ್ತಿ ಆ ಸಾಲ ತೀರಿಸಲು ನೆರವಾದರು. ಅವನು ಯಾರನ್ನೂ ಬೆಲೆ ಕೇಳಿರಲಿಲ್ಲ. ನಿಮ್ಮ ಊರಿನದೊಂದು ಅಂಚೆ ಚಿತ್ರ ಕಳಿಸಿದರೆ ಸಾಕು ಎಂದಿದ್ದ. ‘ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಎಲ್ಲರ ಕಾಡು

ಹೆಲ್ಸಿಂಕಿಯ ಪಕ್ಕದ ಊರು ಎಸ್ಪೊ. ಅದರ ಅಂಚಿನಲ್ಲಿ ನೂಕ್ಸಿಯೊ ರಾಷ್ಟ್ರೀಯ ಉದ್ಯಾನ. ಸೈಲ್‌ಫಿಶ್‌ನ ಇನ್ನೊಂದು ಆವೃತ್ತಿಗೆ ಇದರ ಹೆಸರು. ಪೈನ್, ಸ್ಪ್ರೂಸ್ ಮರಗಳ ನಡುವೆ ಪುಟ್ಟ ಪುಟ್ಟ ಕೆರೆಗಳು, ಪಾಚಿ ಹೊದ್ದ ಬಂಡೆಗಳು. ಬೇಸಗೆಯ ಕೊನೆಗೆ ಜನ ಬುಟ್ಟಿ ಹಿಡಿದು ಬಂದು ನೀಲಿ ಬೆರಿ ಹಣ್ಣು, ಅಣಬೆ ಆಯ್ದುಕೊಳ್ಳುತ್ತಾರೆ.

ಫಿನ್ಲೆಂಡಿನಲ್ಲಿ ಬಹಳ ಹಿಂದಿನಿಂದ ಬಂದ ಒಂದು ಹಕ್ಕಿದೆ. ಕಾಡು ಯಾರದೇ ಆಗಿರಲಿ, ಅದರಲ್ಲಿ ನಡೆದಾಡಲು, ಹಣ್ಣು ಅಣಬೆ ಆಯ್ದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಮರ ಕಡಿಯುವಂತಿಲ್ಲ, ಒಡೆಯನ ಅನುಮತಿ ಇಲ್ಲದೆ ಬೆಂಕಿ ಹಾಕುವಂತಿಲ್ಲ, ಯಾರದೋ ಮನೆಯಂಗಳಕ್ಕೆ ನುಗ್ಗುವಂತಿಲ್ಲ. ಅಂದರೆ ಹಕ್ಕಿನ ಜೊತೆಗೇ ಕಟ್ಟುಪಾಡೂ ಇದೆ.

ಮುಕ್ತ ತಂತ್ರಾಂಶ ಎಂದರೇನೆಂದು ಕೇಳುವ ವಿದ್ಯಾರ್ಥಿಗೆ ಈ ಕಾಡನ್ನೇ ತೋರಿಸಬಹುದು. ತಂತ್ರಾಂಶವನ್ನು ಬರೆದವರು ಅದರ ಮೂಲ ಬರಹವನ್ನು ಬಚ್ಚಿಡದೆ ಎಲ್ಲರ ಮುಂದಿಡುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಕೆಲಸಕ್ಕೆ ಬಳಸಬಹುದು. ಆದರೆ ಅದಕ್ಕೂ ಕಟ್ಟುಪಾಡಿದೆ. ಲೀನಸ್ 1992ರಲ್ಲಿ ಲಿನಕ್ಸಿಗೆ ಅಳವಡಿಸಿದ ಪರವಾನಗಿಯ ಪ್ರಕಾರ, ತಿದ್ದಿದ್ದನ್ನು ಬೇರೆಯವರಿಗೆ ಹಂಚುವವನು ತನ್ನ ತಿದ್ದುಪಡಿಯ ಮೂಲ ಬರಹವನ್ನೂ ಅವರಿಗೆ ಕೊಡಬೇಕು. ಸೈಲ್‌ಫಿಶ್‌ನ ಬುಡ ಇಂಥ ಮುಕ್ತ ತಂತ್ರಾಂಶದ್ದು. ಪರದೆಯ ಮೇಲಿನ ಅಂದಚೆಂದದ ಭಾಗದಲ್ಲಿ ಬಹಳಷ್ಟನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿತು. ಕಾಡು ಎಲ್ಲರದು, ನಡುವಿನ ಮನೆಯಂಗಳ ಮಾತ್ರ ಸ್ವಂತದ್ದು ಎನ್ನುವ ಹಾಗೆ.

ಉರಿಯುವ ಅಟ್ಟಣೆ, ಪುಟ್ಟ ದೋಣಿ

ಎಸ್ಪೊ ಊರಿನ ಕಡಲಂಚಿನ ಕೈಲಾನಿಯೆಮಿಯಲ್ಲಿ ಗಾಜಿನದೊಂದು ದೊಡ್ಡ ಕಟ್ಟಡವಿದೆ. ಒಂದು ಕಾಲಕ್ಕೆ ಅದು ನೋಕಿಯಾ ಕಂಪನಿಯ ಕೇಂದ್ರ ಕಚೇರಿ. ನಮ್ಮ ಹಳ್ಳಿಹಳ್ಳಿಗೂ ಮೊಬೈಲ್ ಮುಟ್ಟಿಸಿದ ಹೆಸರು ಅದು. ‘ನಮ್ಮ ಮನೆಯ ಮೊದಲ ಫೋನ್ ನೋಕಿಯಾ’ ಎನ್ನುವ ತಂದೆತಾಯಿಯರು ಕರ್ನಾಟಕದಲ್ಲಿ ಎಷ್ಟು ಮಂದಿ ಇಲ್ಲ! 2012ರಲ್ಲಿ ಆ ಗಾಜಿನ ಮನೆಯನ್ನು ನೋಕಿಯಾ ಮಾರಿಬಿಟ್ಟಿತು.

ಅದಕ್ಕೆ ಹಿನ್ನೆಲೆ ಇದೆ. ಆಂಡ್ರಾಯ್ಡ್ ಮತ್ತು ಐಫೋನುಗಳ ಎದುರು ನೋಕಿಯಾ ಸೋಲುತ್ತ ಬಂದಿತ್ತು. 2011ರ ಫೆಬ್ರುವರಿಯಲ್ಲಿ ಅದರ ಮುಖ್ಯಸ್ಥ ಸ್ಟೀಫನ್ ಎಲೊಪ್ ನೌಕರರಿಗೆ ಒಂದು ಪತ್ರ ಬರೆದರು. ಕಡಲ ನಡುವಿನ ಎಣ್ಣೆಬಾವಿಯ ಅಟ್ಟಣೆಗೆ ಬೆಂಕಿ ಬಿದ್ದಾಗ, ಅಲ್ಲಿದ್ದವನು ಕೊರೆಯುವ ನೀರಿಗೆ ಹಾರಿ ಬದುಕಿಕೊಂಡ ಕಥೆ ಅದರಲ್ಲಿತ್ತು. ನಮ್ಮ ಸ್ಥಿತಿಯೂ ಅದೇ ಎಂಬುದು ತಾತ್ಪರ್ಯ. ಕೆಲವೇ ದಿನಗಳಲ್ಲಿ ನೋಕಿಯಾ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿ, ಲಿನಕ್ಸ್ ಆಧಾರದ ಮೀಗೊ ಎಂಬ ತನ್ನದೇ ವ್ಯವಸ್ಥೆಯನ್ನು ಬದಿಗಿರಿಸುವುದಾಗಿ ಪ್ರಕಟಿಸಿತು. ಮೀಗೊ ವ್ಯವಸ್ಥೆಯಿಂದ ನಡೆಯುವ ಎನ್9 ಎಂಬ ಫೋನು ಅದೇ ವರ್ಷ ಹೊರಬಂದರೂ, ಅದರ ಹಿಂದೆ ವರ್ಷಗಟ್ಟಲೆ ದುಡಿದವರಿಗೆ ಮುಂದೆ ಕೆಲಸವೇ ಇರಲಿಲ್ಲ.

ಈ ಏಟು ಬಿದ್ದದ್ದು ತಂತ್ರಜ್ಞರಿಗೆ ಮಾತ್ರವಲ್ಲ. ಹೆಲ್ಸಿಂಕಿಯಿಂದ ತುರ್ಕು ಪಟ್ಟಣಕ್ಕೆ ಹೋಗುವ ರೈಲುಮಾರ್ಗದಲ್ಲಿ ಸಾಲೊ ಎಂಬ ಊರಿದೆ. ರೇಡಿಯೊ, ಟಿ.ವಿ. ತಯಾರಿಕೆಯಿಂದ ಬೆಳೆದು, ನೋಕಿಯಾ ಫೋನಿನ ಕಾರ್ಖಾನೆಯಿಂದ ಹೆಸರಾದ ಊರು. 2012ರ ಜೂನ್‌ನಲ್ಲಿ ನೋಕಿಯಾ ಜಗತ್ತಿನಾದ್ಯಂತ 10,000 ಉದ್ಯೋಗ ಕಡಿತವನ್ನು ಪ್ರಕಟಿಸಿದಾಗ ಸಾಲೊ ಊರಿನ ತಯಾರಿಕೆಯೂ ನಿಂತಿತು. ಒಂದೇ ಕಾರ್ಖಾನೆಯನ್ನು ನಂಬಿದ ಊರಿನಲ್ಲಿ ಅದರ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು ಕೋಲಾರದ ಚಿನ್ನದ ಗಣಿಯ ಜನರಿಗೆ ಹೇಳಿಕೊಡಬೇಕಾಗಿಲ್ಲ.

ಆದರೂ ಮೀಗೊ ತಂಡದವರಲ್ಲಿ ಕೆಲವರು ಕೈಕಟ್ಟಿ ಕೂರಲಿಲ್ಲ. ತಾವು ದುಡಿದ ತಂತ್ರಾಂಶದ ಬಹುಭಾಗ ಮುಕ್ತವಾಗಿತ್ತು. ಕಂಪನಿ ಕೈಬಿಟ್ಟರೂ ಅದನ್ನು ಎತ್ತಿಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. 2011ರಲ್ಲೇ ಅವರು ಸ್ವಂತ ಕಂಪನಿಯೊಂದನ್ನು ಕಟ್ಟಿದರು. ಕೆಲಸ ಕಳೆದುಕೊಂಡವರು ಹೊಸ ಉದ್ಯಮ ತೆರೆಯಲೆಂದು ನೋಕಿಯಾ ರೂಪಿಸಿದ್ದ ‘ಬ್ರಿಡ್ಜ್’ ಯೋಜನೆಯ ನೆರವೂ ಸಿಕ್ಕಿತು. ಕಂಪನಿಗೆ ಇಟ್ಟ ಹೆಸರು ‘ಯೊಲ್ಲ’. ಫಿನ್ನಿಶ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ದೋಣಿ. ಉರಿಯುವ ಅಟ್ಟಣೆಯಿಂದ ನೀರಿಗೆ ಹಾರಿದವರಿಗೆ ಬೇಕಾದದ್ದು ದೋಣಿಯೇ ತಾನೆ ಎಂದು ಅಲ್ಲಿನವರು ತಮಾಷೆ ಮಾಡುವುದುಂಟು.

ಮುಯ್ಯಾಳಿನ ಫೋನು

ದೋಣಿಯೇನೋ ಸಿಕ್ಕಿತು, ಹುಟ್ಟು ಹಾಕುವವರು ಬೇಕಲ್ಲ! ಫೋನು ತಯಾರಿಸಲು ಕೋಟಿಗಟ್ಟಲೆ ಹಣ ಬೇಕು. ಬಿಡಿಭಾಗಗಳಿಗೆ ಮೊದಲೇ ಹಣ ಕಟ್ಟಬೇಕು. ಎಷ್ಟು ಫೋನು ಮಾರಾಟವಾದೀತೆಂಬುದು ಗೊತ್ತಿರಬೇಕು. 2013ರ ಮೇ ತಿಂಗಳಲ್ಲಿ ಯೊಲ್ಲ ತನ್ನ ಫೋನನ್ನು ಪ್ರಕಟಿಸಿ, 399 ಯೂರೋ ಬೆಲೆ ಹೇಳಿ, ಬೇಕೆನ್ನುವವರು ಮುಂಗಡ ಕಟ್ಟಿ ಹೆಸರು ಬರೆಸಬಹುದು ಎಂದಿತು. ಯೂರೋಪಿನ ನಾನಾ ಕಡೆಗಳಿಂದ ಜನ ಕಟ್ಟಿದರು. ಫೋನಿನ ಪರದೆಯ ಮೇಲಿನ ಪದಗಳನ್ನು ತಮ್ಮತಮ್ಮ ಭಾಷೆಗೆ ತರುವ ಕೆಲಸವನ್ನೂ ಎಷ್ಟೋ ಮಂದಿ ಸಂಬಳವಿಲ್ಲದೆ ಮಾಡಿಕೊಟ್ಟರು.

ಫಿನ್ಲೆಂಡಿನ ಹಳ್ಳಿಗಳಲ್ಲಿ ‘ತಾಲ್ಕೋತ್’ ಎಂಬ ಪದ್ಧತಿ ಇದೆ. ಒಬ್ಬನ ಮನೆಗೆ ಮಾಡು ಹೊದಿಸಬೇಕಾದರೆ, ಹುಲ್ಲು ಕೊಯ್ಯಬೇಕಾದರೆ, ನೆರೆಹೊರೆಯವರೆಲ್ಲ ಸೇರಿ ಮಾಡಿಕೊಡುತ್ತಾರೆ. ಕೂಲಿ ಇಲ್ಲ, ಮನೆಯವರು ಹೊಟ್ಟೆತುಂಬ ಊಟ ಹಾಕುತ್ತಾರೆ, ಅಷ್ಟೆ. ಇಂದಿಗೂ ಪಟ್ಟಣದ ವಸತಿ ಸಮುಚ್ಚಯಗಳಲ್ಲಿ ವಸಂತ ಬಂದಾಗ ಎಲ್ಲರೂ ಕುಂಟೆ ಹಿಡಿದು ಅಂಗಳ ಗುಡಿಸುವುದುಂಟು. ನಮ್ಮ ಮುಯ್ಯಾಳು ಪದ್ಧತಿಯ ಅಣ್ಣತಮ್ಮನಂತಿದೆ ಇದು. ಇಂದು ನಾನು ನಿನ್ನ ಗದ್ದೆಯಲ್ಲಿ ನಾಟಿ ಮಾಡುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಾ. ಇಲ್ಲಿ ಕಾಗದಪತ್ರವಿಲ್ಲ, ನಡೆಯುವುದೆಲ್ಲ ನಂಬಿಕೆಯ ಮೇಲೆ.

2013ರ ನವೆಂಬರ್ 27. ಆ ತಿಂಗಳಲ್ಲಿ ಹೆಲ್ಸಿಂಕಿಯಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು ಕವಿಯುತ್ತದೆ. ನಗರದ ನಡುವಿನ ಕಾಂಪಿ ಬಳಿ ಮೊದಲ 450 ಫೋನುಗಳು ಜನರ ಕೈಸೇರಿದವು. ನಾಲ್ಕೂವರೆ ಅಂಗುಲದ ಪರದೆ, ಬಣ್ಣಬಣ್ಣದ ಬದಲಾಯಿಸಬಲ್ಲ ಬೆನ್ನು. ಇಂದಿನ ಲೆಕ್ಕಕ್ಕೆ ಸಾಧಾರಣ ಫೋನೇ. ಆದರೆ ಕೆಲಸ ಹೋದವರು ಕಟ್ಟಿದ್ದು, ಮುಖ ಕಾಣದವರು ಮುಂಗಡ ಕೊಟ್ಟದ್ದು ಕೈಗೆ ಬಂದಿತ್ತು!

ಎಲ್ಲ ಪ್ರಯತ್ನಗಳೂ ಹೀಗೆ ದಡ ಸೇರಲಿಲ್ಲ. ಅದೇ 2013ರ ಜುಲೈನಲ್ಲಿ ಉಬುಂಟು ಎಂಬ ಲಿನಕ್ಸ್ ಬಗೆಯನ್ನು ರೂಪಿಸುವ ಕೆನಾನಿಕಲ್ ಕಂಪನಿ ‘ಉಬುಂಟು ಎಡ್ಜ್’ ಎಂಬ ಫೋನಿಗಾಗಿ ಜನರಿಂದ 3 ಕೋಟಿ 20 ಲಕ್ಷ ಡಾಲರ್ ಕೇಳಿತು. ಒಂದು ತಿಂಗಳಲ್ಲಿ ಸುಮಾರು 1 ಕೋಟಿ 28 ಲಕ್ಷ ಡಾಲರಿನಷ್ಟು ವಾಗ್ದಾನ ಬಂತು. ಗುರಿ ಮುಟ್ಟಲಿಲ್ಲವಾದ್ದರಿಂದ ಕೊಟ್ಟವರಿಗೆ ಹಣ ವಾಪಸಾಯಿತು. ಫೋನು ಹುಟ್ಟಲಿಲ್ಲ, ಆದರೆ ಯಾರ ಗಂಟೂ ಹೋಗಲಿಲ್ಲ.

ಭಾರತಕ್ಕೂ ಯೊಲ್ಲದ ದೋಣಿ ಬಂದಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಆ ಫೋನು ಇಲ್ಲಿ 10,499 ರೂಪಾಯಿಗೆ ಮಾರಾಟಕ್ಕೆ ಬಂತು. 2016ರಲ್ಲಿ ದೆಹಲಿಯ ಇಂಟೆಕ್ಸ್ ಕಂಪನಿ ಸೈಲ್‌ಫಿಶ್ ತುಂಬಿದ ‘ಅಕ್ವಾ ಫಿಶ್’ ಫೋನನ್ನು 5,499 ರೂಪಾಯಿಗೆ ತಂದಿತು. ಎರಡೂ ನಮ್ಮಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

ನಂಬಿಕೆಗೆ ಬಿದ್ದ ಪೆಟ್ಟು

ಫೋನಿನ ಯಶಸ್ಸಿನ ಬೆನ್ನಿಗೇ ಯೊಲ್ಲ ಇನ್ನೊಂದು ಹೆಜ್ಜೆ ಇಟ್ಟಿತು. 2014ರ ನವೆಂಬರ್‌ನಲ್ಲಿ ಹೆಲ್ಸಿಂಕಿಯ ‘ಸ್ಲಷ್’ ಉದ್ಯಮಿಗಳ ಮೇಳದಲ್ಲಿ, ಸೈಲ್‌ಫಿಶ್ ನಡೆಸುವ ಟ್ಯಾಬ್ಲೆಟ್ ಒಂದಕ್ಕಾಗಿ ಜನರ ಮುಂದೆ ಜೋಳಿಗೆ ಚಾಚಿತು. ಕೇಳಿದ್ದು 3 ಲಕ್ಷ 80 ಸಾವಿರ ಡಾಲರ್. ಕೆಲವೇ ಗಂಟೆಗಳಲ್ಲಿ ಅಷ್ಟೂ ಬಂತು. ಮೂರು ವಾರದಲ್ಲಿ 18 ಲಕ್ಷ ಡಾಲರ್ ಮುಟ್ಟಿತು. 2015ರ ನಡುವಿನ ಹೊತ್ತಿಗೆ ಟ್ಯಾಬ್ಲೆಟ್ ಕಳಿಸುವುದಾಗಿ ಮಾತು.

ಆ ಗಡುವು ದಾಟಿತು. ಬಿಡಿಭಾಗಗಳ ತೊಡಕು, ತಯಾರಿಕೆಯ ತೊಡಕು ಒಂದರ ಹಿಂದೊಂದು. ನವೆಂಬರ್‌ನಲ್ಲಿ ನಿರೀಕ್ಷಿಸಿದ್ದ ಬಂಡವಾಳ ಕೈಕೊಟ್ಟಿತು. ಕಂಪನಿ ನೌಕರರಲ್ಲಿ ಹೆಚ್ಚಿನವರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸಿ, ಸಾಲದ ಪುನರ್‌ವ್ಯವಸ್ಥೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಕೊನೆಗೆ ಕೆಲವು ನೂರು ಮಂದಿಗಷ್ಟೇ ಟ್ಯಾಬ್ಲೆಟ್ ಸಿಕ್ಕಿತು. ಉಳಿದವರಿಗೆ ಎರಡು ಕಂತಿನಲ್ಲಿ ಹಣ ಮರಳಿಸುವುದಾಗಿ 2016ರ ಆರಂಭದಲ್ಲಿ ಕಂಪನಿ ಹೇಳಿತು. ಎರಡನೆಯ ಕಂತು ಎಷ್ಟೋ ಜನರಿಗೆ ವರ್ಷಗಟ್ಟಲೆ ಬರಲಿಲ್ಲ.

ಪೋಷಕರು, ವಿದ್ಯಾರ್ಥಿಗಳು ಇಬ್ಬರೂ ಗಮನಿಸಬೇಕಾದದ್ದು ಇಲ್ಲಿದೆ. ಅಂಗಡಿಯಲ್ಲಿ ಹಣ ಕೊಟ್ಟು ವಸ್ತು ತರುವುದು ಬೇರೆ. ಇನ್ನೂ ಇಲ್ಲದ ವಸ್ತುವಿಗೆ ಚಂದಾ ಕೊಡುವುದು ಬೇರೆ. ಮೊದಲನೆಯದು ವ್ಯಾಪಾರ, ಎರಡನೆಯದು ಒಂದು ಪ್ರಯತ್ನದಲ್ಲಿ ಪಾಲು. ಬೆಳೆ ಬಂದರೆ ಸಂತೋಷ, ಬರದಿದ್ದರೆ ನಷ್ಟದಲ್ಲೂ ಪಾಲು. ಕಳೆದುಕೊಂಡರೂ ತಡೆದುಕೊಳ್ಳಬಲ್ಲಷ್ಟನ್ನು ಮಾತ್ರ ಕೊಡಬೇಕು. ಗುರಿ ಮುಟ್ಟದಿದ್ದರೆ ಹಣ ವಾಪಸು ಬರುತ್ತದೆಯೇ, ತಯಾರಿಸುವವರು ಹಿಂದೆ ಏನು ಮಾಡಿದ್ದಾರೆ, ಎರಡನ್ನೂ ವಿಚಾರಿಸಬೇಕು. ಕೇಳುವವನಿಗೂ ಧರ್ಮವಿದೆ: ತಡವಾದರೆ ತಡವೆಂದು, ಆಗದಿದ್ದರೆ ಆಗದೆಂದು ಬೇಗ ಹೇಳುವುದು. ಮುಯ್ಯಾಳಿಗೆ ಬಂದವನ ಗದ್ದೆಗೆ ಮರಳಿ ಹೋಗದವನನ್ನು ಊರು ಮತ್ತೆ ಕರೆಯುವುದಿಲ್ಲ.

ತಾಂಪೆರೆಯ ನೀರಿನ ಸದ್ದು

ಹೆಲ್ಸಿಂಕಿಯಿಂದ ಉತ್ತರಕ್ಕೆ ಹೊರಟ ರೈಲು ಒಂದೂಮುಕ್ಕಾಲು ಗಂಟೆಯೊಳಗೆ ತಾಂಪೆರೆ ತಲುಪುತ್ತದೆ. ನಡುದಾರಿಯಲ್ಲಿ ಹಾಮೆನ್‌ಲಿನ್ನ, ಸಂಗೀತಗಾರ ಸಿಬೇಲಿಯಸ್ 1865ರಲ್ಲಿ ಹುಟ್ಟಿದ ಊರು. ಅದೇ 1865ರಲ್ಲಿ ತಾಂಪೆರೆಯ ರಭಸದ ಹೊಳೆಯ ದಂಡೆಯಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಗಣಿ ಎಂಜಿನಿಯರು ಕಾಗದಕ್ಕಾಗಿ ಮರದ ತಿರುಳು ಅರೆಯುವ ಗಿರಣಿ ಹಾಕಿದ. ಕೆಲವು ವರ್ಷಗಳಲ್ಲಿ ಎರಡನೆಯ ಗಿರಣಿಯನ್ನು ಹದಿನೈದು ಕಿಲೋಮೀಟರ್ ದೂರದ ನೋಕಿಯಾ ಎಂಬ ಊರಿನ ಹೊಳೆಯ ಬಳಿ ಕಟ್ಟಿದ. ಕಂಪನಿಗೆ ಹೆಸರು ಬಂದದ್ದು ಹಾಗೆ. ಇಂದಿಗೂ ಆ ಪುಟ್ಟ ಊರು ಇದೆ. ಅದು ಹೆಸರಾಗಿರುವುದು ಟೈರು ಮತ್ತು ಕಾಗದದ ತಯಾರಿಕೆಗೆ.

ತಾಂಪೆರೆ ಎರಡು ಸರೋವರಗಳ ನಡುವಿನ ಊರು. ಉತ್ತರದ ನಾಸಿಯಾರ್ವಿ ಸರೋವರ ದಕ್ಷಿಣದ ಪುಹಾಯಾರ್ವಿಗಿಂತ 18 ಮೀಟರ್ ಎತ್ತರದಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಊರ ನಡುವೆಯೇ ನೀರು ಧುಮುಕುತ್ತ ಸಾಗುತ್ತದೆ. ಆ ನೀರಿನ ಬಲದಿಂದಲೇ ಇಲ್ಲಿ ಕೆಂಪಿಟ್ಟಿಗೆಯ ಗಿರಣಿಗಳು ಎದ್ದವು. 1820ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫಿನ್ಲೇಸನ್ ಆರಂಭಿಸಿದ ಗಿರಣಿ, ಇನ್ನೊಂದು ದಂಡೆಯಲ್ಲಿ ಲಿನನ್ ಬಟ್ಟೆ ನೇಯ್ದು, ಉಗಿಬಂಡಿಗಳನ್ನೂ ಮಾಡಿದ ತಾಂಪೆಲ್ಲ. ಗಿರಣಿಗಳು ನಿಂತುಹೋದರೂ ಎಲ್ಲ ಕಟ್ಟಡಗಳನ್ನೂ ಕೆಡವಲಿಲ್ಲ. ತಾಂಪೆಲ್ಲದ ಹಳೆಯ ಕಾರ್ಖಾನೆಯಲ್ಲೀಗ ವಸ್ತುಸಂಗ್ರಹಾಲಯವಿದೆ, ಸುತ್ತ ಮನೆಗಳಿವೆ.

ಯೊಲ್ಲದ ಕಥೆಯ ಮುಂದಿನ ತಿರುವು ನಡೆದದ್ದೂ ಈ ಸೀಮೆಯಲ್ಲೇ. 2018ರಲ್ಲಿ ರಷ್ಯದ ರೊಸ್ಟೆಲಿಕಾಂ ಸಂಸ್ಥೆ ಕಂಪನಿಯ ಪಾಲು ಕೊಂಡಿತ್ತು. 2022ರಲ್ಲಿ ಯುಕ್ರೇನ್ ಮೇಲೆ ದಾಳಿ ನಡೆದ ಮೇಲೆ ಆ ನಂಟೇ ಕೊರಳಿಗೆ ಉರುಳಾಯಿತು. 2023ರ ನವೆಂಬರ್‌ನಲ್ಲಿ ಪಿರ್ಕನ್ಮಾ ಜಿಲ್ಲಾ ನ್ಯಾಯಾಲಯದ ತೀರ್ಮಾನದಂತೆ, ಹಳೆಯ ಆಡಳಿತದವರೇ ಕಟ್ಟಿದ ಹೊಸ ಕಂಪನಿ ಇಡೀ ವ್ಯವಹಾರವನ್ನು ಕೊಂಡಿತು. ನೌಕರರೂ ಅತ್ತ ಬಂದರು. ಅದಾದ ಮೇಲೆ ಬಂದ ಸೈಲ್‌ಫಿಶ್‌ನ ಐದನೆಯ ಸರಣಿಯ ಮೊದಲ ಆವೃತ್ತಿಗೆ ಇಟ್ಟ ಹೆಸರು ಯಾವುದು ಗೊತ್ತೆ? ತಾಂಪೆಲ್ಲ!

2025ರ ಡಿಸೆಂಬರ್‌ನಲ್ಲಿ ಯೊಲ್ಲ ಮತ್ತೊಮ್ಮೆ ಜನರ ಮುಂದೆ ನಿಂತಿತು. ಈ ಸಲ ಫೋನು ಹೇಗಿರಬೇಕೆಂದು ಬಳಸುವವರನ್ನೇ ಕೇಳಿ, ಅವರ ಮತದಂತೆ ರೂಪಿಸಿತ್ತು. ಬಿಚ್ಚಿ ಬದಲಾಯಿಸಬಲ್ಲ ಬ್ಯಾಟರಿ, ಖಾಸಗಿತನ ಕಾಯಲೊಂದು ಗುಂಡಿ. 99 ಯೂರೋ ಮುಂಗಡ. 2026ರ ಜನವರಿ 4ರೊಳಗೆ 2,000 ಮಂದಿ ಕಟ್ಟಿದರೆ ಮಾತ್ರ ತಯಾರಿಕೆ. ಇಲ್ಲವಾದರೆ ಹಣ ವಾಪಸು. ದೊಡ್ಡ ಕಂಪನಿಗಳ ಲೆಕ್ಕದಲ್ಲಿ 2,000 ಎಂಬುದು ಲೆಕ್ಕಕ್ಕೇ ಇಲ್ಲದ ಸಂಖ್ಯೆ. ಆದರೆ ಹತ್ತು ವರ್ಷದ ಹಿಂದೆ ಕೈಸುಟ್ಟುಕೊಂಡವರ ಎದುರು ಮತ್ತೆ ಕೈಚಾಚುವವರಿಗೆ ಅದು ಸಣ್ಣದಲ್ಲ. ಗಡುವಿಗೆ ಬಹಳ ಮೊದಲೇ ಆ ಗುರಿ ದಾಟಿತು.

ತಾಂಪೆರೆಯ ಸೇತುವೆಯ ಮೇಲೆ ನಿಂತರೆ ಕೆಳಗೆ ನೀರು ಭೋರ್ಗರೆಯುತ್ತಿರುತ್ತದೆ. ಒಂದು ಕಾಲಕ್ಕೆ ಮರದ ತಿರುಳು ಅರೆದ ನೀರು, ಬಟ್ಟೆ ನೇಯ್ದ ನೀರು, ದೀಪ ಹೊತ್ತಿಸಿದ ನೀರು. ಗಿರಣಿಗಳ ಒಡೆಯರು ಬದಲಾದರು, ಹೆಸರುಗಳು ಅಳಿಸಿದವು. ಹೊಳೆ ಮಾತ್ರ ಯಾರ ಕೈಗೂ ಸಿಗದೆ ಹರಿಯುತ್ತಲೇ ಇದೆ. ಸೆನೆಟ್ ಚೌಕದ ವಿದ್ಯಾರ್ಥಿ ಎಲ್ಲರಿಗೆಂದು ಬಿಟ್ಟುಕೊಟ್ಟ ಬರಹವೂ ಹಾಗೆಯೇ. ಅದನ್ನು ನಂಬಿ ಕಟ್ಟಿದ ದೋಣಿ ಎರಡು ಸಲ ಮುಳುಗುವಂತಾದರೂ ಮತ್ತೆ ತೇಲಿದ್ದು, ಅದರ ಹಲಗೆಗಳು ಎಲ್ಲರವೂ ಆಗಿದ್ದುದರಿಂದ.